ಶಾಲೆಗೇ ಬೀಗ ಹಾಕಿದ ಕೌಂಟಿ: ಗೆದ್ದ ದಾವೆ ಜಾರಿಯಾಗಲು ಹತ್ತು ವರ್ಷ

1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ಬ್ರೌನ್ ಪ್ರಕರಣದ ತೀರ್ಪು ಕೊಟ್ಟಿತು. ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನೂ ಬಿಳಿ ಮಕ್ಕಳನ್ನೂ ಬೇರೆ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಒಂಬತ್ತು ನ್ಯಾಯಮೂರ್ತಿಗಳದ್ದೂ ಒಂದೇ ಮಾತು. ನಮಗೆ ಹೇಳಿಕೊಡುವ ಇತಿಹಾಸ ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತದೆ.

ಆದರೆ ಆ ದಿನ ತೀರ್ಮಾನವಾಗಿದ್ದು ಒಂದು ದಾವೆಯಲ್ಲ, ಐದು. ಕಾನ್ಸಾಸ್, ದಕ್ಷಿಣ ಕ್ಯಾರೊಲಿನಾ, ವರ್ಜೀನಿಯಾ, ಡೆಲವೇರ್ ಮತ್ತು ರಾಜಧಾನಿ ವಾಷಿಂಗ್ಟನ್‌ನಿಂದ ಬಂದವು. ವರ್ಜೀನಿಯಾದ ದಾವೆ ಪ್ರಿನ್ಸ್ ಎಡ್ವರ್ಡ್ ಕೌಂಟಿಯದು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಅಲ್ಲಿಯ ಕಪ್ಪು ಮಕ್ಕಳು ಕೋರ್ಟ್‌ನಲ್ಲಿ ಗೆದ್ದರು. ಗೆದ್ದ ಐದು ವರ್ಷಕ್ಕೆ ಅವರ ಶಾಲೆಗಳಿಗೆ ಬೀಗ ಬಿತ್ತು. ಆ ಬೀಗ ತೆಗೆಯಲು ಇನ್ನೂ ಐದು ವರ್ಷ ಹಿಡಿಯಿತು.

ನಾಗರಿಕ ಹಕ್ಕುಗಳ ವಿಷಯದಲ್ಲಿ ಕೋರ್ಟ್ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ಅರ್ಥ ಮಾಡಿಕೊಳ್ಳಲು ನನಗೆ ಬ್ರೌನ್ ತೀರ್ಪಿಗಿಂತ ಈ ಒಂದು ಕೌಂಟಿಯೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಯಾಕೆಂದರೆ ಇಲ್ಲಿ ಜಗಳ ನಡೆದದ್ದು ಹಕ್ಕು ಇದೆಯೋ ಇಲ್ಲವೋ ಎಂಬುದರ ಮೇಲಲ್ಲ. ಅದು 1954ರಲ್ಲೇ ಮುಗಿದಿತ್ತು. ಜಗಳ ನಡೆದದ್ದು ಯಾವಾಗ, ಮತ್ತು ಯಾರ ದುಡ್ಡಿನಲ್ಲಿ ಎಂಬುದರ ಮೇಲೆ.

ಶುರು ಮಾಡಿದ್ದು ಮಕ್ಕಳು

ಕೌಂಟಿಯ ಮುಖ್ಯ ಊರು ಫಾರ್ಮ್‌ವಿಲ್. ಸುತ್ತ ತಂಬಾಕು ಬೆಳೆಯುವ ಸೀಮೆ. ಕಪ್ಪು ಮಕ್ಕಳಿಗಾಗಿ ಅಲ್ಲಿದ್ದದ್ದು ರಾಬರ್ಟ್ ರಸ್ಸಾ ಮೋಟನ್ ಹೈಸ್ಕೂಲ್. 1939ರಲ್ಲಿ ಕಟ್ಟಿದಾಗ ಅದು 180 ಮಕ್ಕಳಿಗೆ ಸಾಕಾಗುವಷ್ಟು ದೊಡ್ಡದಿತ್ತು. 1951ರ ಹೊತ್ತಿಗೆ ಅಲ್ಲಿ ಓದುತ್ತಿದ್ದವರು ಸುಮಾರು 450. ಹೊಸ ಕಟ್ಟಡ ಕೇಳಿದರೆ ಶಾಲಾ ಬೋರ್ಡ್ ಕೊಟ್ಟದ್ದು ಮರದ ಶೆಡ್‌ಗಳು. ಗೋಡೆಗೆ ಡಾಂಬರು ಬಳಿದ ಕಾಗದ, ಒಳಗೆ ಒಂದು ಒಲೆ. ಒಲೆಯ ಹತ್ತಿರ ಕೂತವರಿಗೆ ಸೆಖೆ, ದೂರ ಕೂತವರಿಗೆ ನಡುಕ. ಮಳೆ ಬಂದರೆ ಸೋರುತ್ತಿತ್ತು. ಜನ ಅವನ್ನು ಕೋಳಿಗೂಡು ಎನ್ನುತ್ತಿದ್ದರು. ಅದೇ ಊರಿನ ಬಿಳಿಯರ ಹೈಸ್ಕೂಲಿನಲ್ಲಿ ಜಿಮ್ ಇತ್ತು, ಕ್ಯಾಂಟೀನ್ ಇತ್ತು. ಮೋಟನ್‌ನಲ್ಲಿ ಎರಡೂ ಇರಲಿಲ್ಲ.

1951ರ ಏಪ್ರಿಲ್ 23. ಪ್ರಿನ್ಸಿಪಾಲ್ ಬಾಯ್ಡ್ ಜೋನ್ಸ್ ಅವರಿಗೆ ಒಂದು ಫೋನ್ ಬಂತು. ನಿಮ್ಮ ಹುಡುಗರು ಬಸ್ ಸ್ಟ್ಯಾಂಡ್ ಹತ್ತಿರ ಗಲಾಟೆಯಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು. ಅವರು ಓಡಿದರು. ಅದು ಸುಳ್ಳು ಕರೆ. ಅವರು ಅತ್ತ ಹೋಗುತ್ತಿದ್ದಂತೆ ಅವರದೇ ಸಹಿ ಇದ್ದಂತೆ ಕಾಣುವ ಚೀಟಿಗಳು ತರಗತಿ ತರಗತಿಗೆ ಹೋದವು. ಎಲ್ಲರೂ ಸಭಾಂಗಣಕ್ಕೆ ಬರಬೇಕು ಎಂದಿತ್ತು. ಪರದೆ ಸರಿದಾಗ ವೇದಿಕೆಯ ಮೇಲೆ ನಿಂತಿದ್ದು 16 ವರ್ಷದ ಬಾರ್ಬರಾ ಜಾನ್ಸ್. ಹೊಸ ಶಾಲೆ ಸಿಗುವ ತನಕ ತರಗತಿಗೆ ಬರುವುದಿಲ್ಲ ಎಂದು ಆಕೆ ಹೇಳಿದಳು. ಇಡೀ ಶಾಲೆ ಹೊರಗೆ ಬಂತು. ಮುಷ್ಕರ ಎರಡು ವಾರ ನಡೆಯಿತು.

ಪ್ರಿನ್ಸಿಪಾಲರನ್ನು ಆಚೆ ಕಳಿಸಿದ್ದರಲ್ಲಿ ಲೆಕ್ಕಾಚಾರ ಇತ್ತು. ಅವರಿಗೆ ವಿಷಯ ಗೊತ್ತಿತ್ತು ಎಂದಾದರೆ ಅವರ ಕೆಲಸಕ್ಕೆ ಕುತ್ತು. ಹುಡುಗರು ಇಷ್ಟೆಲ್ಲ ಜಾಗ್ರತೆ ಮಾಡಿದರೂ ಬೋರ್ಡ್ ಆಮೇಲೆ ಅವರ ಕೆಲಸ ಮುಂದುವರಿಸಲಿಲ್ಲ.

ಮಕ್ಕಳು ರಿಚ್ಮಂಡ್‌ನ ಇಬ್ಬರು ವಕೀಲರಿಗೆ ಪತ್ರ ಬರೆದಿದ್ದರು. ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್ಎಎಸಿಪಿ ಸಂಘಟನೆಯ ಪರ ವಾದಿಸುತ್ತಿದ್ದವರು. ಇವರು ಫಾರ್ಮ್‌ವಿಲ್‌ಗೆ ಬಂದದ್ದೇ ಮಕ್ಕಳಿಗೆ ಬುದ್ಧಿ ಹೇಳಿ ಶಾಲೆಗೆ ಕಳಿಸೋಣ ಎಂದು. ಮಕ್ಕಳ ಗಟ್ಟಿತನ ನೋಡಿ ಮನಸ್ಸು ಬದಲಾಯಿಸಿದರು. ಆದರೆ ಒಂದು ಷರತ್ತು ಹಾಕಿದರು. ಒಳ್ಳೆ ಕಟ್ಟಡ ಕೊಡಿ ಎಂದು ದಾವೆ ಹಾಕುವುದಿಲ್ಲ. ಬೇರೆ ಬೇರೆ ಶಾಲೆ ಎಂಬ ಪದ್ಧತಿಯನ್ನೇ ತೆಗೆಯಿರಿ ಎಂದು ಕೇಳುವುದಾದರೆ ನಾವು ಬರುತ್ತೇವೆ.

ಈ ಷರತ್ತಿನ ಹಿಂದೆ ಒಂದು ಹಳೇ ತೀರ್ಪಿದೆ. 1896ರ ಪ್ಲೆಸ್ಸಿ ಪ್ರಕರಣದಲ್ಲಿ, ರೈಲಿನ ಬೋಗಿಗಳ ವಿಷಯದಲ್ಲಿ, ಸುಪ್ರೀಂ ಕೋರ್ಟ್ ಹೇಳಿತ್ತು: ಪ್ರತ್ಯೇಕವಾಗಿದ್ದರೂ ಸಮಾನವಾಗಿದ್ದರೆ ತಪ್ಪಿಲ್ಲ. ಐದಾರು ದಶಕ ಎಲ್ಲರೂ ಆ ಮಾತಿನ ಮೊದಲರ್ಧವನ್ನು ಮಾತ್ರ ಪಾಲಿಸಿದರು. ವಕೀಲರು ಬಹಳ ವರ್ಷ ಎರಡನೇ ಅರ್ಧವನ್ನು ಹಿಡಿದು ವಾದಿಸಿದ್ದರು. ಶಾಲೆ ಶಾಲೆಗೂ ಹೋಗಿ ಅಳತೆ ಮಾಡಿ, ಇಲ್ಲಿ ಸಮಾನ ಎಲ್ಲಿದೆ ಎಂದು ಕೇಳುವ ದಾರಿ. ಅದರಲ್ಲಿ ಗೆದ್ದರೆ ಒಂದು ಕಟ್ಟಡ ಸಿಗುತ್ತಿತ್ತು, ಅಷ್ಟೇ. 1950ರಿಂದೀಚೆಗೆ ಸಂಘಟನೆ ಬೇರನ್ನೇ ಕೀಳಲು ತೀರ್ಮಾನಿಸಿತ್ತು.

ಮೇ 23ರಂದು ದಾವೆ ದಾಖಲಾಯಿತು. ಪಟ್ಟಿಯಲ್ಲಿ ಮೊದಲ ಹೆಸರು ಡೊರೊತಿ ಡೇವಿಸ್ ಎಂಬ ಒಂಬತ್ತನೇ ತರಗತಿ ಹುಡುಗಿಯದು. ಹಾಗಾಗಿ ಅದು ಡೇವಿಸ್ ಪ್ರಕರಣವಾಯಿತು. ಬಾರ್ಬರಾಗೆ ಬೆದರಿಕೆ ಇದ್ದದ್ದರಿಂದ ಮನೆಯವರು ಆಕೆಯನ್ನು ಅಲಬಾಮದ ಮಾಂಟ್ಗೊಮರಿಗೆ, ತಂದೆಯ ಸಹೋದರ ವರ್ನನ್ ಜಾನ್ಸ್ ಮನೆಗೆ ಕಳಿಸಿದರು. ಆತ ಅಲ್ಲಿ ಪಾದ್ರಿ. ಆತನ ನಂತರ ಆ ಚರ್ಚಿಗೆ ಬಂದವರು ಮಾರ್ಟಿನ್ ಲೂಥರ್ ಕಿಂಗ್.

1952ರಲ್ಲಿ ಮೂವರು ನ್ಯಾಯಾಧೀಶರ ಫೆಡರಲ್, ಅಂದರೆ ಕೇಂದ್ರದ, ಪೀಠ ತೀರ್ಪು ಕೊಟ್ಟಿತು. ಕಟ್ಟಡಗಳು ಸಮಾನವಾಗಿಲ್ಲ, ಸರಿಪಡಿಸಿ. ಆದರೆ ಪ್ರತ್ಯೇಕ ಕೂರಿಸುವುದರಿಂದ ಯಾವ ಜನಾಂಗಕ್ಕೂ ಹಾನಿಯಾಗಿಲ್ಲ. ಕೌಂಟಿ ಆಗ ಚುರುಕಾಯಿತು ನೋಡಿ. ವರ್ಷಗಟ್ಟಲೆ ದುಡ್ಡಿಲ್ಲ ಎನ್ನುತ್ತಿದ್ದವರು 1953ರಲ್ಲಿ ಹೊಸ ಮೋಟನ್ ಹೈಸ್ಕೂಲನ್ನು ತೆರೆದೇಬಿಟ್ಟರು. ಸುಪ್ರೀಂ ಕೋರ್ಟಿಗೆ ಹೋಗುವ ಮುಂಚೆ ಸಮಾನತೆ ತೋರಿಸಬೇಕಿತ್ತಲ್ಲ! ಮಕ್ಕಳು ಮೊದಲು ಕೇಳಿದ್ದು ಸಿಕ್ಕಿತು. ದಾವೆ ಮಾತ್ರ ನಿಲ್ಲಲಿಲ್ಲ.

ಆದೇಶದಲ್ಲಿ ಬಿಟ್ಟ ಕಿಂಡಿ

1954ರ ತೀರ್ಪು ಹಕ್ಕನ್ನು ಹೇಳಿತು. ಅದನ್ನು ಜಾರಿ ಮಾಡುವುದು ಹೇಗೆ ಎಂದು ಹೇಳಲಿಲ್ಲ. ಅದಕ್ಕೆ ಇನ್ನೊಂದು ವರ್ಷ ವಾದ ನಡೆದು, 1955ರ ಮೇ 31ರಂದು ಎರಡನೇ ಬ್ರೌನ್ ತೀರ್ಪು ಬಂತು. ಇದರಲ್ಲಿ ಕೊನೆಯ ದಿನಾಂಕ ಇರಲಿಲ್ಲ. ಆಯಾ ಜಿಲ್ಲೆಯ ಫೆಡರಲ್ ನ್ಯಾಯಾಧೀಶರು ನೋಡಿಕೊಳ್ಳಲಿ, ವಿವೇಚನೆಯಿಂದ ಕೂಡಿದ ವೇಗದಲ್ಲಿ ಮಕ್ಕಳನ್ನು ಸೇರಿಸಲಿ ಎಂದಿತು.

ಕೋರ್ಟಿನ ಕಷ್ಟ ನನಗೆ ಅರ್ಥವಾಗುತ್ತದೆ. ಅದರ ಕೈಯಲ್ಲಿ ಪೊಲೀಸ್ ಇಲ್ಲ, ಖಜಾನೆ ಇಲ್ಲ. ದಕ್ಷಿಣದ ರಾಜ್ಯಗಳು ಸಾರಾಸಗಟಾಗಿ ಧಿಕ್ಕರಿಸಿದರೆ ಏನು ಗತಿ ಎಂಬ ಅಂಜಿಕೆ ಇತ್ತು. ಹಾಗೆಂದು ಅವಸರ ಬೇಡ ಎಂದು ಹೇಳಿದ್ದರಿಂದ ಧಿಕ್ಕಾರ ತಪ್ಪಲಿಲ್ಲ. ವರ್ಜೀನಿಯಾದ ಸೆನೆಟರ್ ಹ್ಯಾರಿ ಬರ್ಡ್ ದೊಡ್ಡ ಪ್ರತಿರೋಧಕ್ಕೆ ಕರೆ ಕೊಟ್ಟರು. 1956ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು. ಯಾವ ಶಾಲೆ ಕಪ್ಪು-ಬಿಳಿ ಮಕ್ಕಳನ್ನು ಒಟ್ಟಿಗೆ ಸೇರಿಸಿಕೊಳ್ಳುತ್ತದೋ ಅದನ್ನು ಗವರ್ನರ್ ಮುಚ್ಚಬಹುದು.

ಪ್ರಿನ್ಸ್ ಎಡ್ವರ್ಡ್ ಕೌಂಟಿ ಅದಕ್ಕೂ ಮುಂಚೆಯೇ ತಯಾರಿ ನಡೆಸಿತ್ತು. ಶಾಲೆಗಳಿಗೆ ವರ್ಷಕ್ಕೊಮ್ಮೆ ಕೊಡುತ್ತಿದ್ದ ಅನುದಾನವನ್ನು ತಿಂಗಳಿಗೊಮ್ಮೆ ಕೊಡುವಂತೆ ಬದಲಾಯಿಸಿಕೊಂಡಿತು. ಕೋರ್ಟಿನ ಆದೇಶ ಬಂದ ತಿಂಗಳೇ ನಲ್ಲಿ ತಿರುಗಿಸಿಬಿಡಬಹುದು, ಅಲ್ವಾ? ಸರ್ಕಾರಿ ಶಾಲೆಯೇ ಹೋದರೂ ಸರಿ, ಮಕ್ಕಳನ್ನು ಒಟ್ಟಿಗೆ ಕೂರಿಸಬಾರದು ಎಂದು 4,000ಕ್ಕೂ ಹೆಚ್ಚು ಬಿಳಿಯರು 1956ರಲ್ಲಿ ಸಹಿ ಹಾಕಿ ಕೊಟ್ಟರು.

ಇತ್ತ ದಾವೆ ವಾಪಸ್ ಬಂದದ್ದು ನ್ಯಾಯಾಧೀಶ ಸ್ಟರ್ಲಿಂಗ್ ಹಚಿಸನ್ ಅವರ ಮುಂದೆ. ಹಾನಿಯಾಗಿಲ್ಲ ಎಂದಿದ್ದ 1952ರ ಪೀಠದಲ್ಲಿ ಇದ್ದವರು ಇವರೂ ಒಬ್ಬರು. ಮೊದಲು ಗಡುವು ಹಾಕಲು ಒಪ್ಪಲಿಲ್ಲ. ಮೇಲಿನ ಕೋರ್ಟ್ ತಿದ್ದಿದ ಮೇಲೆ 1958ರಲ್ಲಿ ಗಡುವು ಹಾಕಿದರು: 1965. ಮುಷ್ಕರ ಮಾಡಿದ ಹುಡುಗರಿಗೆ ಅಷ್ಟು ಹೊತ್ತಿಗೆ ಮೂವತ್ತು ವರ್ಷ. ಇದನ್ನು ಯಾರೂ ಕೋರ್ಟಿನ ಆದೇಶದ ಉಲ್ಲಂಘನೆ ಎನ್ನುವಂತಿರಲಿಲ್ಲ. ಎರಡನೇ ಬ್ರೌನ್ ತೀರ್ಪಿನ ಪದಗಳ ಒಳಗೇ ಅದಕ್ಕೆ ಜಾಗ ಇತ್ತು.

1959ರ ಜನವರಿ 19ರಂದು ರಾಜ್ಯದ ಶಾಲೆ ಮುಚ್ಚುವ ಕಾನೂನು ಬಿದ್ದುಹೋಯಿತು. ವರ್ಜೀನಿಯಾದ ಸುಪ್ರೀಂ ಕೋರ್ಟ್ ಮತ್ತು ಫೆಡರಲ್ ಕೋರ್ಟ್ ಒಂದೇ ದಿನ ಅದನ್ನು ಹೊಡೆದುಹಾಕಿದವು. ನಾರ್ಫೋಕ್, ಷಾರ್ಲಟ್ಸ್‌ವಿಲ್ ಊರುಗಳಲ್ಲಿ ಮುಚ್ಚಿದ್ದ ಶಾಲೆಗಳು ತೆರೆದವು. ಮೇ ತಿಂಗಳಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಹಚಿಸನ್ ಅವರ ಗಡುವನ್ನೂ ತೆಗೆದುಹಾಕಿತು. ಸೆಪ್ಟೆಂಬರ್‌ನಿಂದಲೇ ಸೇರಿಸಿ ಎಂದಿತು. ಜೂನ್‌ನಲ್ಲಿ ಕೌಂಟಿಯ ಆಡಳಿತ ಮಂಡಳಿ, ಅಂದರೆ ಬೋರ್ಡ್ ಆಫ್ ಸೂಪರ್‌ವೈಸರ್ಸ್, ಕೂತು ಒಂದು ತೀರ್ಮಾನ ಮಾಡಿತು. ಶಾಲೆಗಳಿಗೆ ತೆರಿಗೆ ಎತ್ತುವುದಿಲ್ಲ. ಒಂದು ಡಾಲರ್ ಕೂಡ ಕೊಡುವುದಿಲ್ಲ.

ಗಮನಿಸಿ, ಯಾರೂ ಕಪ್ಪು ಮಕ್ಕಳನ್ನು ಬಾಗಿಲಲ್ಲಿ ತಡೆಯಲಿಲ್ಲ. ಬಾಗಿಲನ್ನೇ ಮುಚ್ಚಿದರು. ಎಲ್ಲರಿಗೂ ಮುಚ್ಚಿದ್ದೇವೆ, ಇದರಲ್ಲಿ ಭೇದ ಎಲ್ಲಿದೆ ಎಂಬುದು ಅವರ ವಾದ.

ಐದು ವರ್ಷ

ಬಿಳಿಯರಿಗೆ ಮುಂಚೆಯೇ ಒಂದು ಪ್ರತಿಷ್ಠಾನ ರೆಡಿ ಇತ್ತು. ಅದೇ ಸೆಪ್ಟೆಂಬರ್‌ನಲ್ಲಿ ಪ್ರಿನ್ಸ್ ಎಡ್ವರ್ಡ್ ಅಕಾಡೆಮಿ ಶುರುವಾಯಿತು. ಮೊದಲು ಚರ್ಚುಗಳಲ್ಲಿ, ಸಭಾಂಗಣಗಳಲ್ಲಿ. ಸುಮಾರು 1,500 ಬಿಳಿ ಮಕ್ಕಳು ಅಲ್ಲಿ ಸೇರಿದರು. ಸರ್ಕಾರಿ ಶಾಲೆಯ ಬಿಳಿ ಶಿಕ್ಷಕರಲ್ಲಿ ಹೆಚ್ಚಿನವರು ಅಲ್ಲಿಗೇ ಹೋದರು. ಮೊದಲ ವರ್ಷ ದೇಣಿಗೆಯಲ್ಲಿ ನಡೆಯಿತು. 1960ರಿಂದ ರಾಜ್ಯ ಮತ್ತು ಕೌಂಟಿ ಸೇರಿ ಫೀಸಿಗೆ ಸಹಾಯಧನ ಕೊಟ್ಟವು. ಪ್ರಾಥಮಿಕ ಶಾಲೆಯ ಮಗುವಿಗೆ 225 ಡಾಲರ್, ಹೈಸ್ಕೂಲಿಗೆ 250. ಅಕಾಡೆಮಿಗೆ ದೇಣಿಗೆ ಕೊಟ್ಟವರಿಗೆ ಆಸ್ತಿ ತೆರಿಗೆಯಲ್ಲಿ ಶೇಕಡಾ 25ರವರೆಗೆ ವಿನಾಯಿತಿ. ಅಂದರೆ ಸರ್ಕಾರದ ದುಡ್ಡು ಶಾಲೆಗೆ ಹೋಗುತ್ತಲೇ ಇತ್ತು. ದಾರಿ ಮಾತ್ರ ಬದಲಾಗಿತ್ತು. 1961ರಲ್ಲಿ ಫೆಡರಲ್ ಕೋರ್ಟ್ ಇದಕ್ಕೆ ತಡೆ ಹಾಕಿತು.

ಸುಮಾರು 1,700 ಕಪ್ಪು ಮಕ್ಕಳು ಹೊರಗೆ ಉಳಿದರು. ಫೀಸು ಕಟ್ಟಲಾಗದ ಕೆಲವು ಬಡ ಬಿಳಿ ಮಕ್ಕಳೂ ಉಳಿದರು. ಅನುಕೂಲ ಇದ್ದವರು ಬೇರೆ ಕೌಂಟಿಯ ನೆಂಟರ ಮನೆಗೆ ಮಕ್ಕಳನ್ನು ಕಳಿಸಿದರು. ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಸೇವಾ ಸಂಸ್ಥೆ ಅರವತ್ತಕ್ಕೂ ಹೆಚ್ಚು ಮಕ್ಕಳಿಗೆ ಬೇರೆ ರಾಜ್ಯಗಳಲ್ಲಿ ಮನೆ ಹುಡುಕಿಕೊಟ್ಟಿತು. ಕೆಲವರು ಉತ್ತರ ಕ್ಯಾರೊಲಿನಾದ ಕಿಟ್ರೆಲ್ ಕಾಲೇಜಿಗೆ ಹೋದರು. ಚರ್ಚಿನ ನೆಲಮಾಳಿಗೆಗಳಲ್ಲಿ ಪಾಠ ನಡೆಯಿತು. ಉಳಿದವರು ತಂಬಾಕು ಹೊಲಕ್ಕೆ ಹೋದರು. ಏಳು ವರ್ಷದ ಮಗು ಹನ್ನೆರಡಾಗುವ ತನಕ ಸರ್ಕಾರಿ ಶಾಲೆ ಕಾಣಲಿಲ್ಲ. ಹದಿನೈದರ ಹುಡುಗ ಇಪ್ಪತ್ತಾದ. ಅವನು ಮತ್ತೆ ಶಾಲೆಗೆ ಬರುವುದುಂಟೇ?

ಈ ನಡುವೆ ಕೆಲವು ಬಿಳಿಯರು ಒಂದು ಆಮಿಷ ಒಡ್ಡಿದರು. ಕಪ್ಪು ಮಕ್ಕಳಿಗೂ ಒಂದು ಖಾಸಗಿ ಶಾಲೆ ಮಾಡಿಕೊಡುತ್ತೇವೆ ಎಂದರು. ಬಂದದ್ದು ಒಂದೇ ಅರ್ಜಿ. ಇದನ್ನು ಒಪ್ಪಿಕೊಂಡರೆ ದಾವೆ ಅಲ್ಲಿಗೇ ಸತ್ತಂತೆ ಎಂದು ಹೆತ್ತವರಿಗೆ ಗೊತ್ತಿತ್ತು. ಸ್ವಂತ ಮಕ್ಕಳ ಓದು ನಿಂತಿರುವಾಗ ಹೀಗೆ ಬೇಡ ಎನ್ನುವುದು ಸುಮ್ನೆ ಅಲ್ಲ. ನಾಗರಿಕ ಹಕ್ಕುಗಳ ಪ್ರಕರಣ ಎಂದರೆ ನಮಗೆ ವಕೀಲರು, ನ್ಯಾಯಮೂರ್ತಿಗಳ ಹೆಸರು ನೆನಪಾಗುತ್ತದೆ. ಆದರೆ ಇಲ್ಲಿ ದಾವೆಯನ್ನು ಉಳಿಸಿದ್ದು ಆ ಅರ್ಜಿ ಹಾಕದೆ ಕೂತ ಮನೆಗಳು.

ಆ ಮನೆಗಳ ನಡುವೆ ನಿಂತವರು ಪಾದ್ರಿ ಫ್ರಾನ್ಸಿಸ್ ಗ್ರಿಫಿನ್. 1951ರ ಮುಷ್ಕರದ ದಿನದಿಂದಲೂ ಮಕ್ಕಳ ಜೊತೆಗಿದ್ದವರು. 1961ರಲ್ಲಿ ಹಳೇ ದಾವೆಗೆ ಹೊಸ ಅರ್ಜಿ ಸೇರಿಸಿದಾಗ ಅವರ ಮಕ್ಕಳೇ ಅರ್ಜಿದಾರರು. ಡೇವಿಸ್ ಪ್ರಕರಣ ಈಗ ಗ್ರಿಫಿನ್ ಪ್ರಕರಣವಾಯಿತು. ಡೊರೊತಿ ಡೇವಿಸ್ ಓದುವ ವಯಸ್ಸು ದಾಟಿ ಎಷ್ಟೋ ಕಾಲವಾಗಿತ್ತು.

ಆಮೇಲಿನ ಮೂರು ವರ್ಷ ಕೋರ್ಟಿಂದ ಕೋರ್ಟಿಗೆ ಓಡಾಟ. 1962ರಲ್ಲಿ ಜಿಲ್ಲಾ ನ್ಯಾಯಾಧೀಶರು, ರಾಜ್ಯದ ಬೇರೆಲ್ಲ ಶಾಲೆ ತೆರೆದಿರುವಾಗ ಇಲ್ಲಿ ಮಾತ್ರ ಮುಚ್ಚುವಂತಿಲ್ಲ ಎಂದರು. 1963ರಲ್ಲಿ ಮೇಲ್ಮನವಿ ಕೋರ್ಟ್, ಮೊದಲು ರಾಜ್ಯದ ಕೋರ್ಟ್ ಏನನ್ನುತ್ತದೆ ನೋಡೋಣ, ಅಲ್ಲಿಯ ತನಕ ತಡೆಯಿರಿ ಎಂದಿತು. ಡಿಸೆಂಬರ್‌ನಲ್ಲಿ ವರ್ಜೀನಿಯಾದ ಸುಪ್ರೀಂ ಕೋರ್ಟ್, ಶಾಲೆ ನಡೆಸುವುದು ಬಿಡುವುದು ಕೌಂಟಿಯ ಇಷ್ಟ ಎಂದುಬಿಟ್ಟಿತು.

ಅದೇ ವರ್ಷ ಕೆನಡಿ ಸರ್ಕಾರದ ಒತ್ತಾಸೆಯಿಂದ, ಖಾಸಗಿ ದೇಣಿಗೆಯಿಂದ, ಪ್ರಿನ್ಸ್ ಎಡ್ವರ್ಡ್ ಫ್ರೀ ಸ್ಕೂಲ್ಸ್ ಎಂಬ ಶಾಲೆಗಳು ಸೆಪ್ಟೆಂಬರ್‌ನಲ್ಲಿ ತೆರೆದವು. ಸುಮಾರು 1,500 ಮಕ್ಕಳು ಬಂದರು. ಬಿಳಿ ಮಕ್ಕಳು ಬೆರಳೆಣಿಕೆ. ನ್ಯೂಯಾರ್ಕ್ ಕಡೆಯಿಂದ ಬಂದ ನೀಲ್ ಸಲಿವನ್ ಎಂಬ ಶಿಕ್ಷಣಾಧಿಕಾರಿ ಅದನ್ನು ನಡೆಸಿದರು. ವಯಸ್ಸು ನೋಡಿ ತರಗತಿಗೆ ಹಾಕುವಂತೆಯೇ ಇರಲಿಲ್ಲ. ಹಾಗಾಗಿ ಯಾರಿಗೆ ಎಷ್ಟು ಬರುತ್ತದೋ ಅಲ್ಲಿಂದ ಶುರು ಮಾಡಿದರು. ಇದು ಒಂದೇ ವರ್ಷದ ಏರ್ಪಾಡು.

ದುಡ್ಡಿನ ಮೇಲೆ ಕೈ ಇಟ್ಟ ತೀರ್ಪು

1964ರ ಮೇ 25ರಂದು ಸುಪ್ರೀಂ ಕೋರ್ಟ್ ಗ್ರಿಫಿನ್ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್. ಅಲಬಾಮದವರು. 1920ರ ದಶಕದಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ, ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಸಂಘದ ಸದಸ್ಯರಾಗಿದ್ದವರು. ಬರೀ ವಿವೇಚನೆಯ ವೇಗಕ್ಕೆ ಇದ್ದ ಕಾಲ ಮುಗಿಯಿತು ಎಂದು ಅವರು ಬರೆದರು. ಒಂಬತ್ತು ವರ್ಷದ ಹಿಂದಿನ ತಮ್ಮದೇ ಕೋರ್ಟಿನ ಮಾತಿಗೆ ಉತ್ತರ ಅದು.

ಕಾನೂನಿನ ಪ್ರಶ್ನೆ ನೋಡಲು ಸುಲಭ, ಒಳಗೆ ಕಷ್ಟ. ಒಂದು ರಾಜ್ಯದ ಎಲ್ಲ ಕೌಂಟಿಗಳೂ ಒಂದೇ ಥರ ಇರಬೇಕು ಎಂದು ಸಂವಿಧಾನ ಹೇಳುವುದಿಲ್ಲ. ಒಂದು ಕಡೆ ಶಾಲೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಅಷ್ಟಕ್ಕೇ ಅದು ತಪ್ಪಾಗುವುದಿಲ್ಲ. ಇದನ್ನು ಕೋರ್ಟ್ ಒಪ್ಪಿಕೊಂಡಿತು. ಆಮೇಲೆ ಕೇಳಿತು: ಇಲ್ಲಿ ಮುಚ್ಚಿದ್ದು ಯಾಕೆ? ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಟ್ಟಿಗೆ ಕೂರಬಾರದೆಂದು, ಆ ಒಂದೇ ಕಾರಣಕ್ಕೆ. ಜನಾಂಗದ ಕಾರಣ ಸಂವಿಧಾನ ಒಪ್ಪುವ ಕಾರಣವಲ್ಲ. ಹಾಗಾಗಿ 14ನೇ ತಿದ್ದುಪಡಿಯ ಸಮಾನ ರಕ್ಷಣೆಗೆ ಇದು ವಿರುದ್ಧ.

ಇಷ್ಟು ಹೇಳಿ ನಿಂತಿದ್ದರೆ ಕೌಂಟಿ ಇನ್ನೊಂದು ಉಪಾಯ ಹುಡುಕುತ್ತಿತ್ತು. ಈ ಸಲ ಕೋರ್ಟ್ ಕಿಂಡಿ ಬಿಡಲಿಲ್ಲ. ಬೇಕಾದರೆ ಜಿಲ್ಲಾ ಕೋರ್ಟ್ ಆಡಳಿತ ಮಂಡಳಿಗೆ ತೆರಿಗೆ ಎತ್ತಿ ಎಂದೇ ಆದೇಶ ಕೊಡಬಹುದು, ಆ ದುಡ್ಡಿನಿಂದ ಶಾಲೆ ತೆರೆಸಬಹುದು, ನಡೆಸಿಸಬಹುದು ಎಂದಿತು. ಕ್ಲಾರ್ಕ್ ಮತ್ತು ಹಾರ್ಲನ್ ಎಂಬ ಇಬ್ಬರು ನ್ಯಾಯಮೂರ್ತಿಗಳು ಮಿಕ್ಕದ್ದೆಲ್ಲ ಒಪ್ಪಿ, ಶಾಲೆ ತೆರೆಸುವ ಅಧಿಕಾರ ಫೆಡರಲ್ ಕೋರ್ಟಿಗಿದೆ ಎಂಬುದನ್ನು ಮಾತ್ರ ಒಪ್ಪಲಿಲ್ಲ. ಅವರ ಅನುಮಾನ ಹುರುಳಿಲ್ಲದ್ದಲ್ಲ. ತೆರಿಗೆ ಚುನಾಯಿತರ ಕೆಲಸ. ಆದರೆ ಅಲ್ಲಿಯ ಚುನಾಯಿತರು ತೆರಿಗೆ ಎತ್ತದಿರುವುದನ್ನೇ ಹತಾರ ಮಾಡಿಕೊಂಡಿದ್ದರು. ಆ ಹತಾರವನ್ನು ಕಿತ್ತುಕೊಳ್ಳದೆ ಬ್ರೌನ್ ತೀರ್ಪಿಗೆ ಆ ಕೌಂಟಿಯಲ್ಲಿ ಬೆಲೆಯೇ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. 1990ರಲ್ಲಿ ಕಾನ್ಸಾಸ್ ಸಿಟಿಯ ಶಾಲೆಗಳ ವಿಷಯದಲ್ಲಿ ತೆರಿಗೆಯ ಪ್ರಶ್ನೆ ಮತ್ತೆ ಬಂದಾಗ ಸುಪ್ರೀಂ ಕೋರ್ಟ್ ಆತುಕೊಂಡಿದ್ದು ಗ್ರಿಫಿನ್ ತೀರ್ಪನ್ನೇ.

ಸೆಪ್ಟೆಂಬರ್‌ನಲ್ಲಿ ಶಾಲೆಗಳು ತೆರೆದವು. ಅದಕ್ಕೆ ಮುಂಚೆ, ಆಗಸ್ಟ್ ತಿಂಗಳ ಒಂದು ರಾತ್ರಿ, ಮಂಡಳಿ ಸುಮಾರು 1,80,000 ಡಾಲರ್ ಸಹಾಯಧನವನ್ನು ಬಿಳಿ ಪೋಷಕರಿಗೆ ಹಂಚಿಬಿಟ್ಟಿತು. ಬೆಳಗಾದರೆ ಕೋರ್ಟ್ ತಡೆಯಬಹುದು ಎಂಬ ಆತುರ. 1966ರಲ್ಲಿ ಮೇಲ್ಮನವಿ ಕೋರ್ಟ್ ಇದನ್ನು ನ್ಯಾಯಾಂಗ ನಿಂದನೆ ಎಂದಿತು.

ಈ ತೀರ್ಪು ಎಲ್ಲಿಯ ತನಕ

ಗ್ರಿಫಿನ್ ತೀರ್ಪನ್ನು ಓದಿದವರು ಇನ್ನೊಂದು ಪ್ರಕರಣವನ್ನೂ ಓದಬೇಕು. ಮಿಸಿಸಿಪ್ಪಿಯ ಜಾಕ್ಸನ್ ನಗರ ತನ್ನ ಸಾರ್ವಜನಿಕ ಈಜುಕೊಳಗಳಲ್ಲಿ ಎಲ್ಲರನ್ನೂ ಸೇರಿಸುವ ಬದಲು ಕೊಳಗಳನ್ನೇ ಮುಚ್ಚಿತು. 1971ರಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಅದು ಸರಿ ಎಂದಿತು. ಆ ತೀರ್ಪು ಬರೆದವರೂ ಅದೇ ಹ್ಯೂಗೋ ಬ್ಲ್ಯಾಕ್! ಅವರು ಕೊಟ್ಟ ವ್ಯತ್ಯಾಸ: ಪ್ರಿನ್ಸ್ ಎಡ್ವರ್ಡ್‌ನಲ್ಲಿ ಸರ್ಕಾರ ಬಿಳಿಯರ ಖಾಸಗಿ ಶಾಲೆಗೆ ದುಡ್ಡು ಕೊಡುತ್ತಿತ್ತು, ಜಾಕ್ಸನ್‌ನಲ್ಲಿ ಹಾಗಿಲ್ಲ, ಕೊಳ ಎಲ್ಲರಿಗೂ ಇಲ್ಲವಾಗಿದೆ. ಉದ್ದೇಶ ಕೆಟ್ಟದ್ದು ಎಂಬುದಷ್ಟೇ ಸಾಲದು ಎಂದರು. ಏಳು ವರ್ಷದ ಹಿಂದೆ ಉದ್ದೇಶವನ್ನೇ ಮುಖ್ಯ ಮಾಡಿದ್ದ ಕೈ ಇದು. ನನಗೆ ಈ ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಇದೇ ನಿಯಮ 1959ರಲ್ಲಿ ಇದ್ದಿದ್ದರೆ, ಫೀಸಿನ ಸಹಾಯಧನ ಕೊಡದೆ ಜಾಣತನ ಮಾಡಿದ್ದರೆ, ಕೌಂಟಿ ತಪ್ಪಿಸಿಕೊಳ್ಳುತ್ತಿತ್ತೇನೋ.

ಇನ್ನೊಂದು ಸಡಿಲ ಜಾಗ ಇದೆ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಮೂಲಭೂತ ಹಕ್ಕಲ್ಲ. 1973ರಲ್ಲಿ ಟೆಕ್ಸಾಸ್‌ನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ನೇರವಾಗಿಯೇ ಹೇಳಿತು. ಹಾಗಾಗಿ ಪ್ರಿನ್ಸ್ ಎಡ್ವರ್ಡ್ ಮಕ್ಕಳು ನಮಗೆ ಶಾಲೆ ಬೇಕು ಎಂದು ಕೇಳುವಂತಿರಲಿಲ್ಲ. ಬೇರೆಯವರಿಗೆ ಇದ್ದು ನಮಗಿಲ್ಲ ಎಂದಷ್ಟೇ ಕೇಳಬಹುದಿತ್ತು. ನಮ್ಮಲ್ಲಿ ದಾರಿ ಬೇರೆ. ನಮ್ಮ 14ನೇ ವಿಧಿಯ ಕಾನೂನಿನ ಸಮಾನ ರಕ್ಷಣೆ ಎಂಬ ಮಾತು ಅಮೆರಿಕದ 14ನೇ ತಿದ್ದುಪಡಿಯಿಂದಲೇ ಬಂದದ್ದು. ಆದರೆ ಶಿಕ್ಷಣವನ್ನೇ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತು, ಅದೂ ಕರ್ನಾಟಕದ ವೈದ್ಯಕೀಯ ಕಾಲೇಜೊಂದರ ಕ್ಯಾಪಿಟೇಶನ್ ಫೀಸಿನ ಜಗಳದಲ್ಲಿ, ಮೋಹಿನಿ ಜೈನ್ ಪ್ರಕರಣದಲ್ಲಿ. ಆಮೇಲೆ 2002ರ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳಿಗೆ 21ಎ ವಿಧಿ ಬಂತು. ಹಾಳೆಯ ಮೇಲಾದರೂ ಇಲ್ಲಿ ಒಂದು ಜಿಲ್ಲೆ ಎಲ್ಲ ಶಾಲೆ ಮುಚ್ಚಿ, ಎಲ್ಲರಿಗೂ ಮುಚ್ಚಿದ್ದೇವೆ ಎಂದು ಹೇಳಿ ಪಾರಾಗುವಂತಿಲ್ಲ.

ಫಾರ್ಮ್‌ವಿಲ್‌ನಲ್ಲಿ ಸರ್ಕಾರಿ ಶಾಲೆ ತೆರೆದರೂ ಬಹಳ ವರ್ಷ ಬಿಳಿ ಮಕ್ಕಳು ಅಲ್ಲಿಗೆ ಬರಲಿಲ್ಲ. ಅಕಾಡೆಮಿ ಹಾಗೇ ನಡೆಯಿತು. ಅದನ್ನು ಅಲುಗಾಡಿಸಿದ್ದು ಬ್ರೌನ್ ಅಲ್ಲ, ಗ್ರಿಫಿನ್ ಕೂಡ ಅಲ್ಲ, ತೆರಿಗೆ ಇಲಾಖೆ. ಜನಾಂಗ ನೋಡಿ ಸೇರಿಸಿಕೊಳ್ಳುವ ಖಾಸಗಿ ಶಾಲೆಗೆ ತೆರಿಗೆ ವಿನಾಯಿತಿ ಇಲ್ಲ ಎಂಬ ನಿಯಮ 1970ರ ದಶಕದಲ್ಲಿ ಬಂತು. ಅಕಾಡೆಮಿ 1978ರಲ್ಲಿ ವಿನಾಯಿತಿ ಕಳೆದುಕೊಂಡಿತು. 1980ರ ದಶಕದ ನಡುವಿನಲ್ಲಿ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳಲು ಶುರು ಮಾಡಿತು.

1964ರ ತೀರ್ಪು ಮುಂದೆ ಶಾಲೆಗೆ ಬರುವ ಮಕ್ಕಳಿಗೆ ಬಾಗಿಲು ತೆರೆಯಿತು. ಕಳೆದುಹೋದ ಐದು ವರ್ಷಕ್ಕೆ ಅದರಲ್ಲಿ ಏನೂ ಇರಲಿಲ್ಲ, ಯಾರೂ ಅಂಥ ಆದೇಶ ಕೊಡಲಿಲ್ಲ. 2003ರಲ್ಲಿ ವರ್ಜೀನಿಯಾದ ಶಾಸನಸಭೆ ವಿಷಾದದ ನಿರ್ಣಯ ಮಾಡಿತು. 2004ರಲ್ಲಿ ಒಂದು ವಿದ್ಯಾರ್ಥಿವೇತನ ನಿಧಿ ಸ್ಥಾಪಿಸಿತು. ರಾಜ್ಯದ್ದು 10 ಲಕ್ಷ ಡಾಲರ್, ಉದ್ಯಮಿ ಜಾನ್ ಕ್ಲೂಗಿ ಅವರದ್ದು 10 ಲಕ್ಷ. ಶಾಲೆ ಮುಚ್ಚಿದ್ದರಿಂದ ಓದು ಬಿಟ್ಟವರು ಹೈಸ್ಕೂಲು ಮುಗಿಸಲು, ಕಾಲೇಜು ಸೇರಲು ಅರ್ಜಿ ಹಾಕಬಹುದಿತ್ತು. 1959ರಲ್ಲಿ ಒಂದನೇ ತರಗತಿಗೆ ಸೇರಬೇಕಿದ್ದವರಿಗೆ ಅಷ್ಟು ಹೊತ್ತಿಗೆ ಐವತ್ತು ದಾಟಿತ್ತು.